ಗಾಯ ಚಿಕ್ಕದು, ಅಪಾಯ?

ಮಿದುಳಿನ ಅನ್ಯೂರಿಸಂಗೆ ತಲೆಬುರುಡೆ ತೆರೆಯಬೇಕಿಲ್ಲ, ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ತೂರಿಸಿದರೆ ಸಾಕು ಎಂದು ಡಾಕ್ಟರು ಹೇಳಿದಾಗ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಅನ್ಯೂರಿಸಂ ಎಂದರೆ ಹಳೇ ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವಂತೆ ಮಿದುಳಿನ ರಕ್ತನಾಳ ಉಬ್ಬಿ ಆದ ಗುಳ್ಳೆ. 1990ರಲ್ಲಿ ಇಟಲಿ ಮೂಲದ ಗೀಡೋ ಗುಲ್ಯೆಲ್ಮಿ ಲಾಸ್ ಏಂಜಲೀಸಿನಲ್ಲಿ ಬಳಕೆಗೆ ತಂದ ಪ್ಲಾಟಿನಂ ಕಾಯಿಲ್ ಆ ಗುಳ್ಳೆಯೊಳಗೆ ಸುರುಳಿ ಸುತ್ತಿಕೊಂಡು ಕೂರುತ್ತದೆ, ಅಲ್ಲಿಯ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚಿಹೋಗುತ್ತದೆ. ತೊಡಕಿರುವುದೂ ಇಲ್ಲೇ. ಗುಳ್ಳೆಯೊಳಗೆ ರಕ್ತ ಹೆಪ್ಪುಗಟ್ಟಲೇಬೇಕು, ಒಂದೆರಡು ಮಿಲಿಮೀಟರ್ ಆಚೆ ಹೆಪ್ಪುಗಟ್ಟಲೇಬಾರದು. ಕೊಳವೆಯ ತುದಿಯಲ್ಲಿ ಅಂಟಿದ ಹೆಪ್ಪಿನ ಚೂರು, ನಾಳದ ಗೋಡೆಯಿಂದ ಕಳಚಿದ ಕೊಬ್ಬಿನ ಕಣ, ಒಂದು ಗಾಳಿಗುಳ್ಳೆ, ಇವುಗಳಲ್ಲಿ ಯಾವುದು ಮುಂದಕ್ಕೆ ಹರಿದು ಕಿರುನಾಳವನ್ನು ಕಟ್ಟಿದರೂ ಅದೇ ಪಾರ್ಶ್ವವಾಯು. ಚರ್ಮದ ಮೇಲಿನ ಗಾಯದ ಅಳತೆಗೂ ಈ ಅಪಾಯಕ್ಕೂ ಸಂಬಂಧವೇ ಇಲ್ಲ.

ಹೀಗೆಲ್ಲ ಬರೆದು ಜನರನ್ನು ಹೆದರಿಸಬೇಡಿ, ತೆರೆದ ಶಸ್ತ್ರಚಿಕಿತ್ಸೆಗಿಂತ ಇದೇ ಮೇಲೆಂದು ಸಾಬೀತಾಗಿದೆಯಲ್ಲ ಎನ್ನಬಹುದು. ನಿಜ. 2002ರಲ್ಲಿ ಪ್ರಕಟವಾದ ಐಸ್ಯಾಟ್ ಅಧ್ಯಯನದಲ್ಲಿ 2143 ರೋಗಿಗಳಿದ್ದರು. ವರ್ಷದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ ಶೇ. 23.7, ತಲೆಬುರುಡೆ ತೆರೆದು ಗುಳ್ಳೆಗೆ ಕ್ಲಿಪ್ ಹಾಕಿದ ಗುಂಪಿನಲ್ಲಿ ಶೇ. 30.6. ಆದರೆ ಅವರೆಲ್ಲರ ಗುಳ್ಳೆ ಆಗಲೇ ಒಡೆದಿತ್ತು. ಮನೆಗೆ ಬೆಂಕಿ ಬಿದ್ದಾಗಿನ ಲೆಕ್ಕವೇ ಬೇರೆ. ತಲೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ ಕಂಡ, ಒಡೆಯದ ಗುಳ್ಳೆಗೆ ಆ ಅಂಕಿಯನ್ನು ಅಂಟಿಸುವುದು ತಪ್ಪು. 2012ರ ಜಪಾನಿನ ದೊಡ್ಡ ಅಧ್ಯಯನದಲ್ಲಿ 3-4 ಮಿಲಿಮೀಟರಿನ ಗುಳ್ಳೆ ವರ್ಷವೊಂದರಲ್ಲಿ ಒಡೆಯುವ ಸಂಭವ ಶೇ. 0.36 ಮಾತ್ರ. ಚಿಕಿತ್ಸೆಯ ಅಪಾಯ ಒಂದೇ ದಿನ ಎದುರಾಗುತ್ತದೆ, ಗುಳ್ಳೆಯದು ವರ್ಷಗಳಲ್ಲಿ ಹಂಚಿಹೋಗಿರುತ್ತದೆ. ಗುಳ್ಳೆಯ ಗಾತ್ರ, ಜಾಗ, ಆಕಾರ, ರೋಗಿಯ ವಯಸ್ಸು, ಬಿ.ಪಿ., ಬೀಡಿ-ಸಿಗರೇಟು, ಮನೆತನದಲ್ಲಿ ಯಾರಿಗಾದರೂ ಒಡೆದದ್ದು ಎಲ್ಲವನ್ನೂ ತೂಗಿದ ಮೇಲೆಯೇ ಹೂಂ ಅನ್ನಬೇಕು.

ಚಿಕಿತ್ಸೆಯ ಮರುದಿನ ಎಂ.ಆರ್.ಐ. ಮಾಡಿದರೆ ಅನೇಕರ ಮಿದುಳಿನಲ್ಲಿ ಹೊಸ ಬಿಳಿಚುಕ್ಕೆಗಳು, ಅಂದರೆ ಕಿರುನಾಳ ಕಟ್ಟಿದ ಗುರುತುಗಳು, ಕಾಣುತ್ತವೆ. ಬಹುತೇಕರಿಗೆ ಕೈಕಾಲು, ಮಾತು ಸರಿಯಾಗಿಯೇ ಇರುವುದರಿಂದ ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ ಎಂಬ ವಾದವಿದೆ. ನನಗೆ ಅದು ಒಪ್ಪಿಗೆಯಿಲ್ಲ. ಚೂರು ಹರಿದದ್ದು ದಿಟ. ಮಾತಿನ ಕೇಂದ್ರಕ್ಕೆ ಹೋಗದೆ ಪಕ್ಕದಲ್ಲಿ ನಿಂತದ್ದು ಅದೃಷ್ಟ. ಚಿಕಿತ್ಸೆಯ ನಡುವೆ ಹೆಪಾರಿನ್ ಕೊಡುವುದು, ನಾಳದೊಳಗೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಇಡುವುದಿದ್ದರೆ ಮುಂಚೆಯೇ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಶುರುಮಾಡುವುದು ಇಂಥ ಹೆಪ್ಪಿನ ಚೂರು ಹುಟ್ಟದಿರಲೆಂದೇ. ಕ್ಲೊಪಿಡೋಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸಮಾಡುವ ಮಾತ್ರೆ. ನಮ್ಮ ದೇಶದಲ್ಲಿ ಹಲವರ ವಂಶವಾಹಿಯಲ್ಲೇ ಹಾಗೆ ಬದಲಿಸುವ ಶಕ್ತಿ ಕಡಿಮೆ. ನಿಮಗೆ ಅದು ಹತ್ತುತ್ತದೆಯೇ ಎಂದು ಮೊದಲೇ ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸುವುದಿದ್ದರೂ ಅದನ್ನು ಹಾಕಿದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.