ಕಂಪ್ಯೂಟರ್‌ನಲ್ಲಿ ಸೌಂಡ್ ಬರ್ತಿಲ್ಲವೇ? ಮೊದಲು ನಾವೇ ನೋಡೋಣ



ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆಯ ಸಂಘಗಳಿಗೆ ಹೋದಾಗ ನಾವು ಕೇಳುವ ಒಂದು ದೂರು: "ಕಂಪ್ಯೂಟರ್ ಆನ್ ಆಗುತ್ತೆ, ಚಿತ್ರ ಬರುತ್ತೆ, ಸೌಂಡ್ ಮಾತ್ರ ಇಲ್ಲ." ತರಬೇತಿಯ ವಿಡಿಯೋ ಹಾಕಿದರೆ ಮೂಕಿ ಸಿನಿಮಾ ಥರ. ಕೂಡಲೇ ರಿಪೇರಿಯವರನ್ನು ಕರೆಯಬೇಡಿ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡಿ.

1. ವೈರು: ಸ್ಪೀಕರ್‌ನ ಲೈಟ್ ಉರಿಯುತ್ತಿದೆಯೇ? ಅದರ ವಾಲ್ಯೂಮ್ ತಿರುಪು ಪೂರ್ತಿ ಕಡಿಮೆಯಾಗಿಲ್ಲ ತಾನೇ? ಸಿ.ಪಿ.ಯು. ಹಿಂದೆ ಬಣ್ಣದ ತೂತುಗಳಿದ್ದರೆ ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ. ಎಷ್ಟೋ ಸಣ್ಣ ಸ್ಪೀಕರ್‌ಗಳಿಗೆ ಎರಡು ವೈರು ಇರುತ್ತವೆ. ಯು.ಎಸ್.ಬಿ. ವೈರು ಕರೆಂಟಿಗೆ, ದುಂಡು ಪಿನ್ನು ಸೌಂಡಿಗೆ. ಎರಡನ್ನೂ ಸಿಕ್ಕಿಸಬೇಕು.

2. ಸ್ಪೀಕರ್: ದುಂಡು ಪಿನ್ನಿನ ಮೊಬೈಲ್ ಇಯರ್‌ಫೋನನ್ನು ಹಸಿರು ತೂತಿಗೆ ಹಾಕಿ. ಕೇಳಿಸಿದರೆ ಕಂಪ್ಯೂಟರ್ ಸರಿಯಿದೆ, ಕೆಟ್ಟಿರುವುದು ಸ್ಪೀಕರ್ ಅಥವಾ ಅದರ ವೈರು.

3. ಪರದೆ: ಕೆಳಗೆ ಬಲಮೂಲೆಯ ಸ್ಪೀಕರ್ ಗುರುತಿನ ಮೇಲೆ ಅಡ್ಡಗೀಟು ಅಥವಾ ಇಂಟು ಗುರುತು ಇದ್ದರೆ ಮ್ಯೂಟ್ ಆಗಿದೆ ಅಂತ ಅರ್ಥ. ಅದು ಸರಿಯಿದ್ದರೆ ಆ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. 'ಔಟ್‌ಪುಟ್' ಎಂಬಲ್ಲಿ ಮಾನಿಟರ್ ಹೆಸರಿದ್ದರೆ ಸ್ಪೀಕರ್ ಆಯ್ಕೆ ಮಾಡಿ. ಎಚ್.ಡಿ.ಎಂ.ಐ. ಕೇಬಲ್ ಹಾಕಿದಾಗ ಸೌಂಡ್ ಮಾನಿಟರ್ ಕಡೆಗೆ ಹೋಗಿಬಿಡುವುದುಂಟು. ಆ ಮಾನಿಟರ್‌ನಲ್ಲಿ ಸ್ಪೀಕರೇ ಇಲ್ಲದಿದ್ದರೆ ಏನು ಕೇಳಿಸೀತು?

4. ಡ್ರೈವರ್: ಸೌಂಡ್ ನಡೆಸುವ ಒಳಗಿನ ಪ್ರೋಗ್ರಾಮ್ ಇದು. ಒಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಅಲ್ಲಿ ಸೌಂಡ್ ವಿಭಾಗದಲ್ಲಿರುವ ಆಡಿಯೋ ಹೆಸರನ್ನು ಡಿಸೇಬಲ್ ಮಾಡಿ, ಮತ್ತೆ ಎನೇಬಲ್ ಮಾಡಿ.

ಇಷ್ಟಾದರೂ ಆಗದಿದ್ದರೆ ರಿಪೇರಿಯವರನ್ನು ಕರೆಯಿರಿ. ಆದರೆ ಒಂದು ಎಚ್ಚರಿಕೆ. "ಫಾರ್ಮ್ಯಾಟ್ ಮಾಡಬೇಕು" ಎಂದರೆ ತಕ್ಷಣ ಒಪ್ಪಬೇಡಿ. ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರ್‌ನಲ್ಲಿರುವ ಉಳಿತಾಯದ ಲೆಕ್ಕ, ಸಾಲದ ಪಟ್ಟಿ, ಸಭೆಯ ನಡಾವಳಿ ಎಲ್ಲ ಅಳಿಸಿಹೋಗಬಹುದು. ಸೌಂಡ್ ಇಲ್ಲದಿದ್ದರೆ ಒಂದು ದಿನ ತಡೆಯಬಹುದು. ಲೆಕ್ಕ ಹೋದರೆ ಸದಸ್ಯರ ನಡುವೆ ನಂಬಿಕೆಯೇ ಹೋಗುತ್ತದೆ. ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಕಂಪ್ಯೂಟರ್ ಕೊಡಿ.

ಕಂಪ್ಯೂಟರ್‌ನೊಳಗಿನ ಸೌಂಡ್ ಭಾಗವೇ ಸುಟ್ಟಿದ್ದರೂ ಮದರ್‌ಬೋರ್ಡ್ ಬದಲಿಸಲೇಬೇಕೆಂದಿಲ್ಲ. ಬೆರಳುದ್ದದ ಯು.ಎಸ್.ಬಿ. ಸೌಂಡ್ ಕಾರ್ಡ್ ಸಿಕ್ಕಿಸಿದರೆ ಸಾಕಾಗಬಹುದು. ಕಂಪ್ಯೂಟರ್ ಸಾಮಾನಿಗೆ ಹೆಸರಾದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಬನಶಂಕರಿ, ಜೆ.ಪಿ. ನಗರ, ಜಯನಗರದವರು ಹಸಿರು ಮೆಟ್ರೋದಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗಿ ಅಲ್ಲಿಂದ ತಲುಪಬಹುದು. ಎರಡು ಮೂರು ಕಡೆ ಬೆಲೆ ಕೇಳಿ, ಬಿಲ್ ತಪ್ಪದೆ ಪಡೆಯಿರಿ. ಅದು ಸಂಘದ ಹಣ ತಾನೇ!

ಈ ನಾಲ್ಕು ಹೆಜ್ಜೆ ಒಬ್ಬ ಸದಸ್ಯೆಗೆ ಮಾತ್ರ ಗೊತ್ತಿದ್ದರೆ ಸಾಲದು. ಮುಂದಿನ ಸಭೆಯಲ್ಲಿ ವೈರು ಬಿಚ್ಚಿ, ಪ್ರತಿಯೊಬ್ಬರೂ ಒಂದೊಂದು ಸಲ ಜೋಡಿಸಿ ನೋಡಿ.