ತುಕ್ಕಿನ ಮೇಲೆ ಬಣ್ಣ ಬಳಿಯಬೇಡಿ

ತೊಂಡಾಮುತ್ತೂರು, ಆಲಾಂದುರೈ, ನರಸೀಪುರದ ಕಡೆ ತೋಟಗಳಲ್ಲಿ ಹಳೆ ಗಾಡಿಗಳನ್ನು ನೀವು ನೋಡಿದ್ದೀರಿ. ಒಂದು ಕಡೆ ಅಪ್ಪನ ಕಾಲದ ಟ್ರ್ಯಾಕ್ಟರ್. ಇನ್ನೊಂದು ಕಡೆ ತೆಂಗಿನಕಾಯಿ ಹೇರುವ ಟ್ರೇಲರ್. ಕೊಟ್ಟಿಗೆಯ ಪಕ್ಕದಲ್ಲಿ ಹಳೆ ಸ್ಕೂಟರ್. ಇಂಜಿನ್ ಚೆನ್ನಾಗಿಯೇ ಇರುತ್ತೆ. ಆದರೆ ತಗಡು ತುಕ್ಕು ಹಿಡಿದಿರುತ್ತೆ.

ಗಾಡಿಯನ್ನು ಮತ್ತೆ ಹೊಸದರ ಹಾಗೆ ಮಾಡಬೇಕು ಅಂತ ಆಸೆ. ಅಂಗಡಿಯಿಂದ ಒಂದು ಡಬ್ಬ ಬಣ್ಣ ತರ್ತೀವಿ. ತುಕ್ಕಿನ ಮೇಲೆಯೇ ಬಳೀತೀವಿ. ಆಯುಧಪೂಜೆಗೆ ಗಾಡಿ ಫಳಫಳ ಹೊಳೆಯುತ್ತೆ. ಒಂದು ಮಳೆಗಾಲ ಕಳೆದ ಮೇಲೆ ಬಣ್ಣ ಗುಳ್ಳೆ ಏಳುತ್ತೆ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆ ಉದುರುತ್ತೆ. ಬಣ್ಣದ ದುಡ್ಡೂ ಹೋಯ್ತು, ತಗಡೂ ಹೋಯ್ತು. ಯಾಕೆ ಹೀಗೆ? ತಿಳಿಯೋಣ ಬನ್ನಿ.

ತುಕ್ಕು ಅಂದರೇನು?

ಕಬ್ಬಿಣ, ನೀರು, ಗಾಳಿ. ಈ ಮೂರೂ ಸೇರಿದರೆ ತುಕ್ಕು. ಗಾಳಿಯಲ್ಲಿ ಆಮ್ಲಜನಕ ಇದೆ. ನೀರು ಇದ್ದಾಗ ಅದು ಕಬ್ಬಿಣದ ಜೊತೆ ಸೇರಿಕೊಳ್ಳುತ್ತೆ. ಆಗ ಕೆಂಪು ಪುಡಿ ಹುಟ್ಟುತ್ತೆ. ಮಳೆಯೇ ಬೇಕು ಅಂತಿಲ್ಲ. ಬೆಳಗಿನ ಇಬ್ಬನಿಯೂ ಸಾಕು.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಅದಕ್ಕೇ ಉಬ್ಬುತ್ತೆ. ಬಣ್ಣವನ್ನು ಒಳಗಿನಿಂದ ಎತ್ತಿಬಿಡುತ್ತೆ. ತುಕ್ಕಿನ ಸಂದಿಯಲ್ಲಿ ನೀರು ನಿಲ್ಲುತ್ತೆ. ಆ ನೀರು ಕೆಳಗಿನ ಒಳ್ಳೆ ಕಬ್ಬಿಣವನ್ನೂ ತಿನ್ನುತ್ತೆ. ಮೇಲೆ ಬಣ್ಣ ಬಳಿದರೆ ರೋಗವನ್ನು ಮುಚ್ಚಿಟ್ಟ ಹಾಗೆ.

ಉಪ್ಪು ಸೇರಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತೆ. ನಮ್ಮಲ್ಲಿ ಸಮುದ್ರ ಇಲ್ಲ. ಆದರೆ ರಸಗೊಬ್ಬರ ಇದೆ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಸಗಣಿ ಗೊಬ್ಬರದ ತೇವವೂ ಕಬ್ಬಿಣಕ್ಕೆ ಆಗದು. ಗೊಬ್ಬರ ಹೇರಿದ ಟ್ರೇಲರನ್ನು ತೊಳೆಯದೆ ಬಿಟ್ಟರೆ ಮೊದಲು ತೂತು ಬೀಳೋದು ಅದರ ತಳಕ್ಕೇ. ಜೊತೆಗೆ ನಮ್ಮದು ವೆಳ್ಳಿಯಂಗಿರಿ ಬೆಟ್ಟದ ಬುಡ. ಜೂನ್‌ನಿಂದ ಒಂದು ಮಳೆ, ಅಕ್ಟೋಬರ್‌ನಿಂದ ಇನ್ನೊಂದು ಮಳೆ. ಕಬ್ಬಿಣಕ್ಕೆ ಒಣಗಲು ಬಿಡುವು ಕಡಿಮೆ.

ಮೊದಲು ತಟ್ಟಿ ನೋಡಿ

ಸಣ್ಣ ಸುತ್ತಿಗೆಯಿಂದ ತಗಡನ್ನು ಮೆಲ್ಲಗೆ ತಟ್ಟಿ. ಟಣ್ ಅಂದರೆ ಗಟ್ಟಿ ಇದೆ. ಡಬ್ ಅಂತ ಮಂಕಾದ ಸದ್ದು ಬಂದರೆ ಒಳಗೆ ಟೊಳ್ಳಾಗಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಇಳಿದರೆ ಆ ತಗಡು ಮುಗಿದ ಹಾಗೆ. ಅದನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಬೇಕು.

ಒಂದು ಮಾತು ಮರೆಯಬೇಡಿ. ಟ್ರೇಲರ್ ಜೋಡಿಸುವ ಕೊಂಡಿ, ಚಾಸಿ, ಬ್ರೇಕ್ ಪೈಪ್, ಸ್ಕೂಟರಿನ ಮುಂದಿನ ಫೋರ್ಕ್ ಇವು ಜೀವ ಕಾಯುವ ಭಾಗಗಳು. ಇವುಗಳನ್ನು ತುಕ್ಕು ತಿಂದಿದ್ದರೆ ಪುಟ್ಟಿ ತುಂಬಿ ಬಣ್ಣ ಬಳಿಯಲೇಬೇಡಿ. ತುಂಬಿದ ಟ್ರೇಲರಿನ ಕೊಂಡಿ ದಾರಿಯಲ್ಲಿ ಮುರಿದರೆ ಹಿಂದೆ ಬರುವವರ ಗತಿ ಏನು? ಮೆಕ್ಯಾನಿಕ್‌ಗೆ ತೋರಿಸಿ. ಪೆಟ್ರೋಲ್ ಟ್ಯಾಂಕನ್ನು ಮನೆಯಲ್ಲಿ ಕಾಯಿಸಬೇಡಿ, ಬೆಸೆಯಬೇಡಿ. ಖಾಲಿ ಟ್ಯಾಂಕ್ ಕೂಡ ಸಿಡಿಯುತ್ತೆ.

ತುಕ್ಕು ತೆಗೆಯುವ ಬಗೆ

1. ಗಾಡಿಯನ್ನು ಸೋಪಿನ ನೀರಿನಿಂದ ತೊಳೆಯಿರಿ. ಮಣ್ಣು, ಗೊಬ್ಬರ, ಗ್ರೀಸ್ ಎಲ್ಲ ಹೋಗಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ.

2. ಏಳುವ ಚಕ್ಕೆಗಳನ್ನು ಕೆರೆದು ತೆಗೆಯಿರಿ. ಆಮೇಲೆ ತಂತಿ ಬ್ರಷ್ ಹಾಕಿ ಉಜ್ಜಿ. ಕಣ್ಣಿಗೆ ಕನ್ನಡಕ ಇರಲಿ. ಮೂಗು ಬಾಯಿಗೆ ಮಾಸ್ಕ್ ಇರಲಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದು ವಿಷ. ಮಕ್ಕಳನ್ನು ದೂರ ಇಡಿ.

3. ಈಗ ಎಮರಿ ಕಾಗದ. ಅದರ ಹಿಂದೆ ಅಂಕಿ ಬರೆದಿರುತ್ತೆ, ಓದಿ ನೋಡಿ. ಅಂಕಿ ಚಿಕ್ಕದಾದಷ್ಟು ಕಾಗದ ಒರಟು. ಅಂಕಿ ದೊಡ್ಡದಾದಷ್ಟು ನುಣುಪು. ಮೊದಲು 80, ಆಮೇಲೆ 120 ಅಥವಾ 180. ಕಬ್ಬಿಣ ಬೆಳ್ಳಗೆ ಕಾಣುವ ತನಕ ಉಜ್ಜಿ.

4. ಸಣ್ಣ ಗುಳಿಗಳಲ್ಲಿ ಕಪ್ಪು ಕೆಂಪು ಚುಕ್ಕೆ ಉಳಿಯುತ್ತೆ. ಅಲ್ಲಿಗೆ ಕಾಗದ ಹೋಗಲ್ಲ. ಅದಕ್ಕೆ ರಸ್ಟ್ ಕನ್ವರ್ಟರ್ ಅನ್ನೋ ದ್ರವ ಸಿಗುತ್ತೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತೆ. ಕೆಲವದರಲ್ಲಿ ಟ್ಯಾನಿನ್, ಅಂದರೆ ಒಗರಿನ ಸತ್ವ ಇರುತ್ತೆ. ಬಾಳೆಹೂವನ್ನೋ ನೆಲ್ಲಿಕಾಯನ್ನೋ ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಕಪ್ಪಾಗುತ್ತಲ್ಲ? ಒಗರು ಕಬ್ಬಿಣದ ಜೊತೆ ಸೇರಿದರೆ ಹಾಗೆ ಕಪ್ಪು ಬರುತ್ತೆ. ಟ್ಯಾನಿನ್ ದ್ರವವೂ ತುಕ್ಕನ್ನು ಹಾಗೇ ಕಪ್ಪು ಪದರ ಮಾಡುತ್ತೆ. ಕೈಗೆ ರಬ್ಬರ್ ಗ್ಲೌಸ್ ಹಾಕಿ. ಎಷ್ಟು ಹೊತ್ತು ಬಿಡಬೇಕು, ಆಮೇಲೆ ತೊಳೆಯಬೇಕೋ ಬೇಡವೋ ಅಂತ ಡಬ್ಬದ ಮೇಲೆ ಇರುತ್ತೆ. ಓದಲು ಬಾರದ ಭಾಷೆಯಾದರೆ ಅಂಗಡಿಯವರಿಂದ ಓದಿಸಿಕೊಳ್ಳಿ.

ಕಕ್ಕಸು ತೊಳೆಯುವ ಆಸಿಡ್, ಬ್ಯಾಟರಿ ಆಸಿಡ್ ಬೇಡವೇ ಬೇಡ. ಮೈ ಸುಡುತ್ತೆ, ಹೊಗೆ ಎದೆಗೆ ಕೆಟ್ಟದ್ದು. ಸಂದಿಯಲ್ಲಿ ಉಳಿದರೆ ಮತ್ತೆ ತುಕ್ಕು ತರುತ್ತೆ.

ಕಾಕಂಬಿಯ ಉಪಾಯ

ನಟ್ಟು, ಬೋಲ್ಟು, ಕೊಕ್ಕೆಯಂಥ ಸಣ್ಣ ಭಾಗಗಳಿಗೆ ಕಡಿಮೆ ಖರ್ಚಿನ ದಾರಿ ಇದೆ. ಹಳೆ ಕಾರು ರಿಪೇರಿ ಮಾಡುವವರು ಬೇರೆ ದೇಶಗಳಲ್ಲೂ ಇದನ್ನು ಮಾಡ್ತಾರೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಭಾಗಗಳನ್ನು ಒಂದೆರಡು ವಾರ ಮುಳುಗಿಸಿಡಿ. ವಾಸನೆ ಬರುತ್ತೆ, ಮನೆಯಿಂದ ದೂರ ಇಡಿ. ಮುಚ್ಚಳ ಮುಚ್ಚಿ. ಕಾಕಂಬಿ ನಿಧಾನವಾಗಿ ತುಕ್ಕನ್ನು ಕರಗಿಸುತ್ತೆ. ಅಲ್ಯೂಮಿನಿಯಂ ಭಾಗ ಮಾತ್ರ ಹಾಕಬೇಡಿ, ಅದು ಹಾಳಾಗುತ್ತೆ. ತೆಗೆದ ಮೇಲೆ ತೊಳೆದು, ಕೂಡಲೇ ಒರೆಸಿ, ಬಿಸಿಲಿಗಿಟ್ಟು, ಎಣ್ಣೆ ಸವರಿ.

ಬರೀ ಕಬ್ಬಿಣ ರಾತ್ರಿ ಕಳೆಯಬಾರದು

ಬಹಳ ಜನ ಕಷ್ಟಪಟ್ಟು ಉಜ್ಜುತ್ತಾರೆ. ಬಣ್ಣ ನಾಳೆ ಹೊಡೆಯೋಣ ಅಂತ ಬಿಡ್ತಾರೆ. ಬೆಳಗ್ಗೆ ನೋಡಿದರೆ ತೆಳುವಾದ ಕಿತ್ತಳೆ ಬಣ್ಣ! ಇಬ್ಬನಿ ಬಿದ್ದು ತುಕ್ಕು ಮತ್ತೆ ಶುರುವಾಗಿರುತ್ತೆ. ಉಜ್ಜಿದ ಕಬ್ಬಿಣವನ್ನು ಬರೀ ಕೈಯಲ್ಲಿ ಮುಟ್ಟಲೂಬೇಡಿ. ಬೆವರಿನಲ್ಲಿ ಉಪ್ಪು ಇದೆ.

ಅದಕ್ಕೇ ಒಂದು ದಿನಕ್ಕೆ ಮುಗಿಯುವಷ್ಟೇ ಭಾಗ ಉಜ್ಜಿ. ಇವತ್ತು ಮಡ್‌ಗಾರ್ಡ್, ನಾಳೆ ಬಾಗಿಲು. ಬಟ್ಟೆಗೆ ತಿನ್ನರ್ ಹಾಕಿ ಒರೆಸಿ, ಒಣಗಿಸಿ. ತಿನ್ನರ್ ಹತ್ತಿರ ಬೀಡಿ, ಬೆಂಕಿ ಬೇಡ. ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ತೆಳುವಾಗಿ ಬಳಿಯಿರಿ. ಒಣಗಿದ ಮೇಲೆ ಇನ್ನೊಂದು ಸಲ ಬಳಿಯಿರಿ. ಮೋಡ ಕವಿದ ದಿನ ಈ ಕೆಲಸ ಬೇಡ.

ಪ್ರೈಮರ್ ಹಾಕಿದರೆ ಸಾಕು ಅಂತ ತಿಳಿಯಬೇಡಿ. ಅದರೊಳಗೆ ನೀರು ಇಳಿಯುತ್ತೆ. ಮೇಲೆ ಎರಡು ಕೋಟು ಬಣ್ಣ ಬೇಕು. ಬಾಗಿಲಿನ ಒಳಗೆ, ಚಾಸಿಯ ಒಳಗೆ ಬ್ರಷ್ ಹೋಗಲ್ಲ. ಅಲ್ಲಿ ಎಣ್ಣೆ ಅಥವಾ ಮೇಣದ ದ್ರವ ಸಿಂಪಡಿಸಬೇಕು. ಹಿಂದೆ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕ್ತಿದ್ದರಲ್ಲ, ಹಾಗೆ. ಬ್ರೇಕಿಗೆ, ಟೈರಿಗೆ ಎಣ್ಣೆ ತಾಗಬಾರದು. ಬಾಗಿಲಿನ ಕೆಳಗೆ ನೀರು ಇಳಿಯಲು ಸಣ್ಣ ತೂತು ಇರುತ್ತೆ. ಅದನ್ನು ಮುಚ್ಚಬೇಡಿ.

ಕಬ್ಬಿಣ ಎಷ್ಟು ಕಾಲ ಬಾಳುತ್ತೆ?

ದೆಹಲಿಯಲ್ಲಿ ಕುತುಬ್ ಮಿನಾರ್ ಪಕ್ಕ ಒಂದು ಕಬ್ಬಿಣದ ಕಂಬ ಇದೆ. ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಹೆಚ್ಚು ತೂಕ. ಸುಮಾರು 1600 ವರ್ಷ ಹಳೆಯದು. ಬಯಲಲ್ಲೇ ನಿಂತಿದೆ, ಆದರೂ ತುಕ್ಕು ತಿಂದು ಹಾಕಿಲ್ಲ. ಕಾನ್ಪುರದ ಐಐಟಿಯ ಪ್ರಾಧ್ಯಾಪಕ ಆರ್. ಬಾಲಸುಬ್ರಮಣ್ಯಂ ಇದಕ್ಕೆ ಕಾರಣ ವಿವರಿಸಿದರು. ಆ ಕಬ್ಬಿಣದಲ್ಲಿ ರಂಜಕ ಹೆಚ್ಚು. ಅದರಿಂದ ಮೈಮೇಲೆ ತೆಳುವಾದ ಗಟ್ಟಿ ಪದರ ಬೆಳೆದು ಕಂಬವನ್ನು ಕಾಯುತ್ತೆ. ರಸ್ಟ್ ಕನ್ವರ್ಟರಿನ ಫಾಸ್ಫಾರಿಕ್ ಆಮ್ಲದಲ್ಲೂ ಅದೇ ರಂಜಕ ಇದೆ.

ನಮ್ಮ ಗಾಡಿಯ ತಗಡಿಗೆ ಆ ಗುಣ ಇಲ್ಲ. ಅದರ ಕವಚವನ್ನು ನಾವೇ ಹಾಕಬೇಕು. ಹಾಕಿದರೆ ಹಳೆ ಗಾಡಿಯೂ ಉಳಿಯುತ್ತೆ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ತೆರೆದ ಜೀಡೀ ಕಾರ್ ಮ್ಯೂಸಿಯಂ ಇದೆ. 1920ರಲ್ಲಿ ಪೊಳ್ಳಾಚಿ–ಪಳನಿ ಬಸ್ ಓಡಿಸಿದ ಜಿ.ಡಿ. ನಾಯ್ಡು ಅವರ ಹೆಸರಿನದು. ಅಲ್ಲಿ ಹಳೆಯ ಕಾರುಗಳನ್ನು ನೋಡಿ ಬನ್ನಿ.

ನೆನಪಿಡಿ

• ಗೊಬ್ಬರ ಹೇರಿದ ದಿನವೇ ಟ್ರೇಲರ್ ತೊಳೆದು ಒಣಗಿಸಿ.
• ಗೀರು ಬಿದ್ದರೆ ಅದೇ ವಾರ ಉಜ್ಜಿ ಬಣ್ಣ ಹಚ್ಚಿ.
• ಟಾರ್ಪಾಲನ್ನು ಬಿಗಿಯಾಗಿ ಸುತ್ತಬೇಡಿ. ಒಳಗೆ ಗಾಳಿ ಆಡಲಿ.
• ಉಜ್ಜಿದ ದಿನವೇ ಪ್ರೈಮರ್.

ನೀವೇ ಹೇಳಿ

1. ತುಕ್ಕು ಹಿಡಿಯಲು ಯಾವ ಮೂರು ವಸ್ತು ಸೇರಬೇಕು?
2. 80 ಮತ್ತು 180 ಎಮರಿ ಕಾಗದದಲ್ಲಿ ಯಾವುದು ಒರಟು?
3. ನಿಮ್ಮ ಮನೆಯ ಗಾಡಿಯಲ್ಲಿ ಎಲ್ಲೆಲ್ಲಿ ತುಕ್ಕು ಇದೆ? ನೋಡಿ ಬಂದು ಬರೆಯಿರಿ.