ಪ್ರಶ್ನಾವಳಿಗಿಂತ ಮೊದಲು ಬೇಕಾದ ಭರವಸೆ

ಮನಃಶಾಸ್ತ್ರ, ಸಮಾಜಕಾರ್ಯ, ಮಹಿಳಾ ಅಧ್ಯಯನ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಕಿರುಪ್ರಬಂಧಗಳಿಗೆ ವ್ಯಕ್ತಿತ್ವ, ಲಿಂಗತ್ವ, ಲೈಂಗಿಕತೆಯಂತಹ ವಿಷಯಗಳನ್ನು ಆರಿಸಿಕೊಳ್ಳುವುದು ಸ್ವಾಗತಾರ್ಹವಾದುದೇ. ಒಂದು ತಲೆಮಾರಿನ ಹಿಂದೆ ಅಧ್ಯಾಪಕರು ತರಗತಿಯಲ್ಲಿ ಉಚ್ಚರಿಸಲು ಹಿಂಜರಿಯುತ್ತಿದ್ದ ಪದಗಳು ಇಂದು ಸಂಶೋಧನೆಯ ಶೀರ್ಷಿಕೆಗಳಾಗಬಲ್ಲವು. ಆದರೆ ಇಂತಹ ಸಮೀಕ್ಷೆ ನಡೆಸುವುದು ತೀರಾ ಸುಲಭವಾಗಿಬಿಟ್ಟಿದೆ. ಸಂಜೆ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನಾವಳಿ ಸಿದ್ಧವಾಗುತ್ತದೆ. ರಾತ್ರಿ ಅದು ತರಗತಿಯ ವಾಟ್ಸ್‌ಆ್ಯಪ್ ಗುಂಪನ್ನು ಸೇರುತ್ತದೆ. ಬೆಳಗಾಗುವಷ್ಟರಲ್ಲಿ ನೂರಾರು ಉತ್ತರಗಳು ಬಂದಿರುತ್ತವೆ. ಬಳಿಕ ಶೇಕಡಾವಾರು ಲೆಕ್ಕ, ಬಣ್ಣಬಣ್ಣದ ನಕ್ಷೆ, ತೀರ್ಮಾನ. ಆ ತೀರ್ಮಾನಕ್ಕೆ ಎಷ್ಟು ಬೆಲೆ? ಉತ್ತರಿಸಿದ ವಿದ್ಯಾರ್ಥಿಗೆ ಅದರಿಂದ ಎಷ್ಟು ಅಪಾಯ? ಈ ಎರಡು ಪ್ರಶ್ನೆಗಳನ್ನು ನಾವು ಪ್ರತ್ಯೇಕವಾಗಿ ನೋಡುವುದು ರೂಢಿ. ವಾಸ್ತವದಲ್ಲಿ ಮೊದಲನೆಯದರ ಉತ್ತರ ಎರಡನೆಯದರಲ್ಲೇ ಅಡಗಿದೆ.

ಇದಕ್ಕೆ ಒಳ್ಳೆಯ ನಿದರ್ಶನ 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಮಿಷೆಲ್ ಅಲೆಕ್ಸಾಂಡರ್ ಮತ್ತು ಟೆರಿ ಫಿಶರ್ ಎಂಬ ಸಂಶೋಧಕಿಯರು 201 ಅವಿವಾಹಿತ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಒಂದೇ ಪ್ರಶ್ನಾವಳಿಯನ್ನು ನೀಡಿದರು. ಉತ್ತರಗಳನ್ನು ಮತ್ತೊಬ್ಬ ವಿದ್ಯಾರ್ಥಿ ನೋಡಿಬಿಡಬಹುದೆಂಬ ಭಾವನೆ ಮೊದಲ ಗುಂಪಿನವರಿಗೆ ಬರುವಂತೆ ಮಾಡಲಾಗಿತ್ತು. ಎರಡನೆಯ ಗುಂಪಿನವರು ಏಕಾಂತದಲ್ಲಿ, ಹೆಸರು ಬರೆಯದೆ ಉತ್ತರಿಸಿದರು. ಮೂರನೆಯ ಗುಂಪಿನವರಿಗೆ ತಂತಿಗಳನ್ನು ಜೋಡಿಸಿ, ಅದು ಸುಳ್ಳುಪತ್ತೆ ಯಂತ್ರವೆಂದು ನಂಬಿಸಲಾಗಿತ್ತು. ಆ ಯಂತ್ರ ಏನನ್ನೂ ಪತ್ತೆ ಮಾಡುತ್ತಿರಲಿಲ್ಲ. ಲೈಂಗಿಕ ಸಂಗಾತಿಗಳ ಸಂಖ್ಯೆ ಎಷ್ಟೆಂಬ ಪ್ರಶ್ನೆಗೆ ಯುವತಿಯರು ನೀಡಿದ ಉತ್ತರದ ಸರಾಸರಿ ಮೂರು ಗುಂಪುಗಳಲ್ಲಿ ಕ್ರಮವಾಗಿ 2.6, 3.4 ಮತ್ತು 4.4. ಯುವಕರದು 3.7, 4.2 ಮತ್ತು 4.0.

ಅಧ್ಯಯನ ಚಿಕ್ಕದು, ಆದ್ದರಿಂದ ಅಂಕಿಗಳಿಗಿಂತ ಅವು ಸಾಗಿದ ದಿಕ್ಕನ್ನು ಗಮನಿಸಬೇಕು. ಯಾರಾದರೂ ನೋಡಿಯಾರೆಂಬ ಅಂಜಿಕೆ ಇದ್ದಾಗ ಗಂಡು ಹೆಣ್ಣಿನ ಅಂತರ ಅತ್ಯಧಿಕ. ಸುಳ್ಳು ಬಯಲಾದೀತೆಂಬ ಅಂಜಿಕೆ ಇದ್ದಾಗ ಆ ಅಂತರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊದಲ ಗುಂಪಿನ ಉತ್ತರಗಳಷ್ಟೇ ಕೈಯಲ್ಲಿದ್ದ ಸಂಶೋಧಕ, ಪುರುಷಸ್ವಭಾವ ಸ್ತ್ರೀಸ್ವಭಾವಗಳ ಭಿನ್ನತೆ ಕುರಿತು ಒಂದು ಪ್ರಬಂಧವನ್ನೇ ಬರೆದುಬಿಡುತ್ತಿದ್ದ. ಅವನು ಅಳೆದದ್ದು ಸ್ವಭಾವವನ್ನಲ್ಲ, ಲೋಕಾಪವಾದದ ಭಯವನ್ನು. ಜನಗಣತಿಯ ಕೆಲಸದಲ್ಲಿ ತೊಡಗಿದ್ದವರಿಗೆ ಇದು ಅಚ್ಚರಿಯ ಮಾತಲ್ಲ. ವಯಸ್ಸಿನಂತಹ ನಿರುಪದ್ರವಿ ಪ್ರಶ್ನೆಗೂ ನಮ್ಮ ಜನ 0 ಅಥವಾ 5ರಿಂದ ಕೊನೆಗೊಳ್ಳುವ ಸಂಖ್ಯೆಗಳನ್ನೇ ಹೆಚ್ಚಾಗಿ ಹೇಳುತ್ತಾರೆ. ಮಾನ ಮರ್ಯಾದೆಯ ಪ್ರಶ್ನೆ ಬಂದಾಗ ಉತ್ತರ ಎಷ್ಟು ಬಾಗಬಹುದೆಂಬುದನ್ನು ಊಹಿಸಬಹುದು.

ಎರಡನೆಯ ತೊಡಕು, ಯಾರು ಉತ್ತರಿಸುತ್ತಾರೆ ಎಂಬುದು. ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಆಲ್‌ಫ್ರೆಡ್ ಕಿನ್ಸೆ 1948 ಮತ್ತು 1953ರಲ್ಲಿ ಹೊರತಂದ ಎರಡು ಸಂಪುಟಗಳು ಲೈಂಗಿಕತೆಯ ಅಧ್ಯಯನಕ್ಕೆ ಹೊಸ ದಾರಿ ತೆರೆದವು. ಆದರೆ ಅವರ ಮಾದರಿ ಯಾದೃಚ್ಛಿಕವಾಗಿ ಆಯ್ದದ್ದಾಗಿರಲಿಲ್ಲ. ಬಹುಪಾಲು ಸ್ವಯಂಪ್ರೇರಿತರಾಗಿ ಬಂದವರದ್ದು. ಕಾಕ್ರನ್, ಮೋಸ್ಟೆಲರ್ ಮತ್ತು ಟೂಕಿ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು 1954ರ ತಮ್ಮ ವಿಮರ್ಶೆಯಲ್ಲಿ ಈ ದೋಷವನ್ನು ವಿವರವಾಗಿ ಚರ್ಚಿಸಿದರು. ಅದಕ್ಕೂ ಮುನ್ನ, 1952ರಲ್ಲಿ ಮನಃಶಾಸ್ತ್ರಜ್ಞ ಏಬ್ರಹಾಂ ಮಾಸ್ಲೊ ಮತ್ತು ಜೇಮ್ಸ್ ಸಕೋಡಾ ಒಂದು ಸ್ವಾರಸ್ಯಕರ ಅಂಶವನ್ನು ತೋರಿಸಿದ್ದರು. ಕಿನ್ಸೆ ಸಂದರ್ಶನಕ್ಕೆ ಮುಂದೆ ಬಂದ ಕಾಲೇಜು ವಿದ್ಯಾರ್ಥಿಗಳಲ್ಲಿ ಆತ್ಮಗೌರವದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರೇ ಅಧಿಕವಾಗಿದ್ದರು. ಅಂಥವರು ಲೈಂಗಿಕ ವಿಷಯಗಳಲ್ಲಿ ರೂಢಿಯನ್ನು ಮೀರುವ ಸಾಧ್ಯತೆ ಹೆಚ್ಚೆಂದು ಮಾಸ್ಲೊ ಹಿಂದೆಯೇ ಗುರುತಿಸಿದ್ದರು.

ವ್ಯಕ್ತಿತ್ವ ಮತ್ತು ಲೈಂಗಿಕತೆಯ ಸಂಬಂಧವನ್ನು ಅಳೆಯಹೊರಟವರಿಗೆ ಇದು ದೊಡ್ಡ ಎಚ್ಚರಿಕೆ. ಪ್ರಶ್ನಾವಳಿಯನ್ನು ತುಂಬಬೇಕೇ ಬೇಡವೇ ಎಂಬ ನಿರ್ಧಾರವನ್ನು ವ್ಯಕ್ತಿತ್ವವೇ ಮಾಡುವುದಾದರೆ, ಆ ಸಂಬಂಧದ ಒಂದು ಭಾಗ ಮಾದರಿಯಲ್ಲಿ ಮೊದಲೇ ಬೆರೆತುಹೋಗಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಫಾರ್ಮನ್ನು ಮೊದಲು ತುಂಬುವವರು ಸಂಕೋಚವಿಲ್ಲದವರು. ಸಂಕೋಚದವರ ಮೌನ ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ. ಎಷ್ಟು ಮಂದಿಗೆ ಪ್ರಶ್ನಾವಳಿ ತಲುಪಿತು, ಎಷ್ಟು ಮಂದಿ ಉತ್ತರಿಸಲಿಲ್ಲ, ಯಾವ ಪ್ರಶ್ನೆಯನ್ನು ಎಷ್ಟು ಮಂದಿ ಖಾಲಿ ಬಿಟ್ಟರು ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಹೇಳುವುದು ಪ್ರಾಮಾಣಿಕತೆಯ ಕನಿಷ್ಠ ಲಕ್ಷಣ.

ಮೂರನೆಯದು ಅಳತೆಗೋಲಿನ ಪ್ರಶ್ನೆ. ಸಾಂಡ್ರಾ ಬೆಮ್ 1974ರಲ್ಲಿ ಪ್ರಕಟಿಸಿದ ಲಿಂಗಪಾತ್ರ ಮಾಪನ ಇಂದಿಗೂ ಅನೇಕ ಪ್ರಬಂಧಗಳ ಆಧಾರ. ಅದರಲ್ಲಿ 60 ಗುಣಗಳಿವೆ: 20 ಪುರುಷೋಚಿತ, 20 ಸ್ತ್ರೀಯೋಚಿತ, 20 ತಟಸ್ಥ. ಪುರುಷತ್ವ ಮತ್ತು ಸ್ತ್ರೀತ್ವ ಒಂದೇ ಹಗ್ಗದ ಎರಡು ತುದಿಗಳಲ್ಲ, ಒಬ್ಬರಲ್ಲೇ ಎರಡೂ ಇರಬಹುದು ಎಂಬುದು ಬೆಮ್ ಅವರ ಕೊಡುಗೆ. ಆದರೆ ಯಾವ ಗುಣ ಯಾರಿಗೆ ಒಪ್ಪುತ್ತದೆಂದು ತೀರ್ಮಾನಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಂದಿನ ವಿದ್ಯಾರ್ಥಿಗಳು. ಅವರ ಪ್ರಕಾರ ಸ್ವಾವಲಂಬನೆ ಗಂಡಿನ ಗುಣ, ನಾಚಿಕೆ ಹೆಣ್ಣಿನ ಗುಣ. ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳ ಸಭೆಗಳಲ್ಲಿ ‘ಸ್ವಾವಲಂಬನೆ’ ಪದವನ್ನು ದಿನವೂ ಕೇಳುವ ನಮ್ಮ ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಯೊಬ್ಬಳು ಆ ಪದಕ್ಕೆ ಹೆಚ್ಚು ಅಂಕ ಕೊಟ್ಟರೆ ಆಕೆಯಲ್ಲಿ ಪುರುಷತ್ವ ಅಧಿಕವೆಂದು ಬರೆಯೋಣವೇ? ಆಮದಾದ ಮಾಪನವನ್ನು ಬಳಸುವ ಮುನ್ನ, ಇಲ್ಲಿನ ವಿದ್ಯಾರ್ಥಿಗಳು ಆ ಗುಣಗಳನ್ನು ಹೇಗೆ ವಿಂಗಡಿಸುತ್ತಾರೆಂದು ಪರೀಕ್ಷಿಸಲೇಬೇಕು.

ಭಾಷಾಂತರದ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ‘ಸಂಬಂಧ’ ಎಂದರೆ ನಮ್ಮಲ್ಲಿ ನೆಂಟಸ್ತಿಕೆ. ‘ಒಂದು ಸಂಬಂಧ ಬಂದಿದೆ’ ಎಂದರೆ ಮದುವೆಯ ಪ್ರಸ್ತಾಪ. ‘ನಿಮಗೆ ಸಂಬಂಧವಿದೆಯೇ’ ಎಂಬ ಪ್ರಶ್ನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಂಡಾರು. ಲೈಂಗಿಕ ಕ್ರಿಯೆಗಳನ್ನು ಸೂಚಿಸಲು ನಮ್ಮಲ್ಲಿರುವುದು ಪಠ್ಯಪುಸ್ತಕದ ಸಂಸ್ಕೃತ ಪದ, ಬೀದಿಯ ಬೈಗುಳ, ಇಲ್ಲವೇ ಇಂಗ್ಲಿಷ್ ಪದ. ಮೊದಲನೆಯದು ತಿಳಿಯದು, ಎರಡನೆಯದು ನೋಯಿಸುತ್ತದೆ, ಮೂರನೆಯದು ಕನ್ನಡ ಮಾಧ್ಯಮದಿಂದ ಬಂದವರಿಗೆ ಅಸ್ಪಷ್ಟ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದಿಸಿ ಹೋಲಿಸುವುದು, ಕೆಲವರೊಡನೆ ಕುಳಿತು ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು’ ಎಂದು ಕೇಳುವುದು ಸಮೀಕ್ಷೆಗೆ ಮುನ್ನ ಆಗಬೇಕಾದ ಕೆಲಸ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ.

ಅಂತೆಯೇ ‘ಲಿಂಗ’ ಎಂಬ ಒಂದೇ ಕಲಮಿನಲ್ಲಿ ಎಲ್ಲವನ್ನೂ ತುರುಕುವ ಅಭ್ಯಾಸ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣಿನ ಜೊತೆ ‘ಇತರೆ’ ಎಂಬ ಸಂಕೇತವೂ ಇತ್ತು; ಅದರಡಿ ದಾಖಲಾದವರು ಸುಮಾರು 4.88 ಲಕ್ಷ. ಇವರಲ್ಲಿ ಸುಮಾರು 55 ಸಾವಿರ ಮಂದಿ ಆರು ವರ್ಷದೊಳಗಿನ ಮಕ್ಕಳು. ಅಷ್ಟು ಚಿಕ್ಕ ಮಕ್ಕಳು ತಮ್ಮ ಲಿಂಗತ್ವವನ್ನು ಗಣತಿದಾರರಿಗೆ ಹೇಳಿರಲಾರರು. ಹುಟ್ಟಿನಲ್ಲಿ ದಾಖಲಾದ ಲಿಂಗ ಯಾವುದು, ಈಗ ತಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಬೇಕು. ಲೈಂಗಿಕತೆಯಲ್ಲಿಯೂ ಆಕರ್ಷಣೆ, ನಡವಳಿಕೆ ಮತ್ತು ಗುರುತು ಮೂರು ಬೇರೆ ಸಂಗತಿಗಳು; ಅವು ಒಂದಕ್ಕೊಂದು ಹೊಂದಿಕೆಯಾಗಲೇಬೇಕೆಂದಿಲ್ಲವೆಂಬುದನ್ನು ಅಮೆರಿಕದಲ್ಲಿ 1992ರಲ್ಲಿ 3,432 ವಯಸ್ಕರ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆ ತೋರಿಸಿತು.

ಅಲ್ಪಸಂಖ್ಯಾತರನ್ನು ಅಳೆಯುವಾಗ ತುಂಟತನವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಶಾಲೆಗಳಲ್ಲಿ 1994–95ರಲ್ಲಿ ಸುಮಾರು 90 ಸಾವಿರ ಹದಿಹರೆಯದವರಿಂದ ಉತ್ತರ ಪಡೆದ ‘ಆ್ಯಡ್ ಹೆಲ್ತ್’ ಅಧ್ಯಯನದಲ್ಲಿ ತಮಗೆ ಕೃತಕ ಕೈ ಅಥವಾ ಕಾಲು ಇದೆಯೆಂದು ಬರೆದಿದ್ದ ಅನೇಕರ ಮನೆಗೇ ಹೋಗಿ ವಿಚಾರಿಸಿದಾಗ, ಅವರಲ್ಲಿ ಬಹುತೇಕ ಎಲ್ಲರ ಉತ್ತರವೂ ಸುಳ್ಳೆಂದು ತಿಳಿಯಿತು. ಸಾವಿರ ವಿದ್ಯಾರ್ಥಿಗಳಲ್ಲಿ ನಿಜವಾಗಿ 20 ಮಂದಿ ಒಂದು ಅಲ್ಪಸಂಖ್ಯಾತ ವರ್ಗಕ್ಕೆ ಸೇರಿದ್ದಾರೆನ್ನೋಣ. ಉಳಿದ 980 ಮಂದಿಯಲ್ಲಿ ಶೇ 1ರಷ್ಟು ಮಂದಿ ತಮಾಷೆಗೆ ಅದೇ ಚೌಕದಲ್ಲಿ ಗುರುತು ಹಾಕಿದರೂ ಆ ವರ್ಗದ ಮೂರನೆಯ ಒಂದು ಭಾಗ ಹುಸಿಯಾಗುತ್ತದೆ. ಅದೇ ತಮಾಷೆಗಾರರು ಮಾದಕ ವಸ್ತು, ಹಿಂಸೆ ಎಲ್ಲಕ್ಕೂ ‘ಹೌದು’ ಎಂದಿರುತ್ತಾರೆ. ಕೊನೆಗೆ ಕಳಂಕ ಅಂಟುವುದು ನಿಜವಾದ 20 ಮಂದಿಗೆ. ಅಸಂಭವ ಉತ್ತರಗಳನ್ನು ಸೋಸುವ ನಿಯಮವನ್ನು ಸಮೀಕ್ಷೆಗೆ ಮೊದಲೇ ನಿಗದಿಪಡಿಸುವುದು ಇದಕ್ಕಾಗಿಯೇ.

ಸತ್ಯವಾದ ಉತ್ತರ ಪಡೆಯುವ ಉಪಾಯಗಳು ಇಲ್ಲದಿಲ್ಲ. ಅಮೆರಿಕದ 15ರಿಂದ 19 ವರ್ಷದ ಹುಡುಗರ ನಡುವೆ ನಡೆದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಸಲಿಂಗ ಸಂಪರ್ಕವನ್ನು ಒಪ್ಪಿಕೊಂಡವರು ಕಾಗದದ ಪ್ರಶ್ನಾವಳಿಯಲ್ಲಿ ಶೇ 1.5, ಹೆಡ್‌ಫೋನ್‌ನಲ್ಲಿ ಪ್ರಶ್ನೆ ಕೇಳಿ ಕಂಪ್ಯೂಟರಿನಲ್ಲಿ ಉತ್ತರಿಸಿದಾಗ ಶೇ 5.5. ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತು ಪಾಪ್ಯುಲೇಷನ್ ಕೌನ್ಸಿಲ್ 2006–07ರಲ್ಲಿ ಆರು ರಾಜ್ಯಗಳ 50 ಸಾವಿರಕ್ಕೂ ಹೆಚ್ಚು ಯುವಜನರನ್ನು ಸಂದರ್ಶಿಸಿದಾಗ, ವಿವಾಹಪೂರ್ವ ಲೈಂಗಿಕ ಅನುಭವದ ಪ್ರಶ್ನೆಗೆ ಮುಚ್ಚಿದ ಲಕೋಟೆಯ ವ್ಯವಸ್ಥೆಯನ್ನೂ ಮಾಡಿದ್ದವು. ಆ ಆರರಲ್ಲಿ ಕರ್ನಾಟಕ ಇರಲಿಲ್ಲ. ಇನ್ನೊಂದು ವಿಧಾನಕ್ಕೆ ಬೇಕಾದುದು ಒಂದು ನಾಣ್ಯ ಮಾತ್ರ. ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಮಂಡಿಸಿದ ತತ್ವದ ಸರಳ ರೂಪ ಅದು. ವಿದ್ಯಾರ್ಥಿ ಯಾರಿಗೂ ತೋರಿಸದೆ ನಾಣ್ಯ ಚಿಮ್ಮುತ್ತಾನೆ. ತಲೆ ಬಿದ್ದರೆ ‘ಹೌದು’ ಎಂದೇ ಬರೆಯಬೇಕು, ಬಾಲ ಬಿದ್ದರೆ ನಿಜ ಬರೆಯಬೇಕು. 400 ಮಂದಿಯಲ್ಲಿ 240 ‘ಹೌದು’ ಬಂದರೆ ಸುಮಾರು 200 ನಾಣ್ಯದ್ದು; ಉಳಿದ 200 ಮಂದಿಯಲ್ಲಿ 40, ಅಂದರೆ ಶೇ 20 ನಿಜದ್ದು. ಅಂದಾಜಿನ ನಿಖರತೆ ಕುಗ್ಗುವುದರಿಂದ ಮಾದರಿ ದೊಡ್ಡದಿರಬೇಕು. ಆದರೆ ಯಾರ ‘ಹೌದು’ ಯಾವ ಬಗೆಯದೆಂದು ಸಂಶೋಧಕನಿಗೂ ತಿಳಿಯುವುದಿಲ್ಲ.

ಹೆಸರು ಬರೆಸದ ಮಾತ್ರಕ್ಕೆ ಗೋಪ್ಯತೆ ಉಳಿಯಿತೆಂದು ತಿಳಿಯಬಾರದು. 60 ಮಂದಿಯ ತರಗತಿಯಲ್ಲಿ ವಯಸ್ಸು, ಜಿಲ್ಲೆ, 2ಎ ಅಥವಾ 3ಬಿ ಎಂಬ ಪ್ರವರ್ಗ, ಹಾಸ್ಟೆಲ್‌ವಾಸಿಯೇ ಎಂಬ ನಾಲ್ಕು ವಿವರಗಳು ಸಿಕ್ಕರೆ ಅನೇಕರನ್ನು ಬೆರಳು ಮಾಡಿ ತೋರಿಸಬಹುದು. ಅಗತ್ಯವಿಲ್ಲದ ವಿವರಗಳನ್ನು ಕೇಳಲೇಬಾರದು. ಐದಕ್ಕಿಂತ ಕಡಿಮೆ ಮಂದಿ ಇರುವ ಕೋಷ್ಟಕದ ಮನೆಗಳನ್ನು ಪ್ರಕಟಿಸಬಾರದು. ಆಂತರಿಕ ಅಂಕ ಕೊಡುವ ಅಧ್ಯಾಪಕರೇ ಪ್ರಶ್ನಾವಳಿ ಹಂಚಿದರೆ ಸಮ್ಮತಿಪತ್ರದ ಸಹಿಗೆ ಅರ್ಥವಿಲ್ಲ. ಉತ್ತರಿಸದೆ ಎದ್ದುಹೋಗುವ ಹಕ್ಕು ಕಾಗದದ ಮೇಲಷ್ಟೇ ಅಲ್ಲ, ಕೊಠಡಿಯಲ್ಲೂ ಇರಬೇಕು.

ಕಾನೂನಿನ ತೊಡಕನ್ನು ನಮ್ಮ ವಿಭಾಗಗಳು ಅಷ್ಟಾಗಿ ಗಮನಿಸಿದಂತಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗಣತಿಯ ದಾಖಲೆಗಳನ್ನು ಯಾರೂ ಪರಿಶೀಲನೆಗೆ ಕೇಳದಂತೆ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸದಂತೆ ರಕ್ಷಿಸುತ್ತದೆ. ವಿದ್ಯಾರ್ಥಿಯ ಕಿರುಪ್ರಬಂಧಕ್ಕೆ ಅಂತಹ ಕವಚವಿಲ್ಲ. ಪೋಕ್ಸೊ ಕಾಯ್ದೆ, 2012ರ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸುವುದು 19ನೇ ಕಲಮಿನಡಿ ಕಡ್ಡಾಯ. ಪಿಯುಸಿ ವಿದ್ಯಾರ್ಥಿನಿಗೆ ‘ನಿಮ್ಮ ಉತ್ತರ ಯಾರಿಗೂ ತಿಳಿಯದು’ ಎಂದು ಮಾತು ಕೊಟ್ಟ ಸಂಶೋಧಕ, ಆಕೆಯ ಗುರುತು ಗೊತ್ತಿರುವ ಉತ್ತರದಲ್ಲಿ ದೌರ್ಜನ್ಯದ ವಿವರ ಕಂಡರೆ ಏನು ಮಾಡಬೇಕು? ಮಾತು ಉಳಿಸಿಕೊಂಡರೆ ಕಾನೂನು ಮುರಿದಂತೆ. ಕಾನೂನು ಪಾಲಿಸಿದರೆ ಮಾತು ಮುರಿದಂತೆ. ಕಿರುಪ್ರಬಂಧಗಳ ಮಟ್ಟದಲ್ಲಿ 18 ತುಂಬಿದವರನ್ನಷ್ಟೇ ಆರಿಸಿಕೊಳ್ಳುವುದು, ಪಾಲಿಸಲಾಗದ ಭರವಸೆಯನ್ನು ಕೊಡದಿರುವುದು ವಿವೇಕ. ಪ್ರಶ್ನೆಗಳು ಹಳೆಯ ಗಾಯವನ್ನು ಕೆದಕಬಹುದಾದ್ದರಿಂದ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಕಾಲೇಜಿನ ಆಪ್ತಸಮಾಲೋಚಕರ ವಿವರವನ್ನೂ ಎಲ್ಲರಿಗೂ ನೀಡುವುದು ಕರ್ತವ್ಯ.

ಇಷ್ಟೆಲ್ಲ ತೊಡಕಿದ್ದರೆ ಈ ಸಮೀಕ್ಷೆಗಳೇ ಬೇಡವೆನ್ನುವವರು ಇರಬಹುದು. ಅದು ಸರಿಯಲ್ಲ. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಹದಿಹರೆಯದವರ ಲೈಂಗಿಕ ಶಿಕ್ಷಣಕ್ಕೆ ವಿರೋಧ ಎದ್ದಾಗ ವಾದ ಪ್ರತಿವಾದಗಳೆರಡೂ ಬಹುಮಟ್ಟಿಗೆ ಭಾವನೆಗಳ ಮೇಲೆಯೇ ನಡೆದವು. ಹಾಸ್ಟೆಲಿನ ನಿಯಮ, ಕಿರುಕುಳ ತಡೆ ಸಮಿತಿ, ಮಾನಸಿಕ ಆರೋಗ್ಯ ಸೇವೆ ಯಾವುದಕ್ಕೂ ವಿದ್ಯಾರ್ಥಿಗಳ ನಿಜಸ್ಥಿತಿ ತಿಳಿಯಬೇಕು. ಕೆಟ್ಟ ಅಂಕಿ ಅಂಶಗಳು ಅಂಕಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ, ಏಕೆಂದರೆ ಅವುಗಳಿಗೆ ವಿಜ್ಞಾನದ ಮುದ್ರೆ ಇರುತ್ತದೆ.

ಆದ್ದರಿಂದ ವಿಶ್ವವಿದ್ಯಾಲಯಗಳ ನೈತಿಕ ಸಮಿತಿಗಳು ಪ್ರಶ್ನಾವಳಿಯ ಪ್ರತಿಯನ್ನಷ್ಟೇ ನೋಡಿ ಮೊಹರು ಹಾಕುವುದನ್ನು ಬಿಟ್ಟು, ಉತ್ತರ ಎಲ್ಲಿ ಬರೆಯಲಾಗುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ, ಕಾಗದ ಯಾರ ಕೈ ಸೇರುತ್ತದೆ, ಯಾವಾಗ ನಾಶವಾಗುತ್ತದೆ ಎಂದು ಕೇಳಬೇಕು. ಈ ನಾಲ್ಕಕ್ಕೂ ಸಮಾಧಾನಕರ ಉತ್ತರ ಬಾರದ ಸಮೀಕ್ಷೆಗೆ ಅನುಮತಿ ನೀಡದಿರುವುದು ಸಂಶೋಧನೆಗೆ ಅಡ್ಡಿಯಾಗದು. ವಿದ್ಯಾರ್ಥಿ ತನ್ನ ಬದುಕಿನ ಅತ್ಯಂತ ಖಾಸಗಿ ಸಂಗತಿಯನ್ನು ಅಪರಿಚಿತರಿಗೆ ಹೇಳುತ್ತಿದ್ದಾನೆ. ಆ ನಂಬಿಕೆಯನ್ನು ಕಾಯಲಾಗದವರಿಗೆ ಅವನನ್ನು ಪ್ರಶ್ನಿಸುವ ಅಧಿಕಾರವಿಲ್ಲ. ಪ್ರಶ್ನಿಸಿದರೂ ನಿಜವಾದ ಉತ್ತರ ಸಿಗುವುದಿಲ್ಲ.